ಎರಡನೆಯ ಹಾಡಿನ ಲೆಕ್ಕ

ಮೊದಲ ಕೃತಿಯಿಂದ ಹೆಸರು ಗಳಿಸಿದ ಕಲಾವಿದನ ಕೊರಳಿನ ಹಾರ ಬಾಡುವುದಕ್ಕೆ ಮುಂಚೆಯೇ ಲೋಕವು ಅವನನ್ನು ಕೇಳುವ ಪ್ರಶ್ನೆಯೊಂದುಂಟು: "ಮುಂದಿನದು ಯಾವಾಗ?" ಕೇಳುವವರಿಗೆ ಇದು ಉಪಚಾರದ ಮಾತು, ಕೇಳಿಸಿಕೊಳ್ಳುವವನಿಗೆ ನಿದ್ರೆ ಕೆಡಿಸುವ ಮಾತು. ಮೊದಲನೆಯದನ್ನು ರಚಿಸುವಾಗ ಅವನು ಹುಟ್ಟಿದಂದಿನಿಂದ ಕಂಡು ಕೇಳಿ ಉಂಡದ್ದೆಲ್ಲವೂ ಅವನ ಬಂಡವಾಳವಾಗಿರುತ್ತದೆ. ಎರಡನೆಯದಕ್ಕೆ ದೊರೆಯುವುದು ಹೆಚ್ಚೆಂದರೆ ಒಂದೆರಡು ವರ್ಷ; ಅದರಲ್ಲಿಯೂ ಅರ್ಧ ಕಾಲ ಶಾಲು ಹೊದೆಸಿಕೊಳ್ಳುವುದರಲ್ಲಿಯೇ ಕಳೆದುಹೋಗುತ್ತದೆ. ಕವಿಗೂ ಕಾದಂಬರಿಕಾರನಿಗೂ ಈ ಸಂಕಟ ತಪ್ಪಿದ್ದಲ್ಲ. ಆದರೆ ಕವಿಯ ಎರಡನೆಯ ಸಂಕಲನ ಮಾರಾಟವಾಗದಿದ್ದರೆ ಅದು ಅವನಿಗೂ ಪ್ರಕಾಶಕನಿಗೂ ಮಾತ್ರ ತಿಳಿದ ಗುಟ್ಟು. ಗಾಯಕನ ಸೋಲಾದರೋ ಅಂಕಿಗಳ ಸಮೇತ ವಾರವಾರವೂ ಪಟ್ಟಿಯಾಗಿ ಪ್ರಕಟವಾಗುತ್ತದೆ.

ಈ ಮಾತಿಗೆ ಜಗತ್ತು ಇಂದಿಗೂ ಕೊಡುವ ಉದಾಹರಣೆ ಅಮೆರಿಕದ ರ‍್ಯಾಪ್ ಗಾಯಕ ಎಂ. ಸಿ. ಹ್ಯಾಮರನದು. ರ‍್ಯಾಪ್ ಎಂಬುದು ಹಾಡಿಗಿಂತ ಮಾತಿಗೆ ಹತ್ತಿರವಾದ, ಪ್ರಾಸವನ್ನು ತಾಳಕ್ಕೆ ಬಿಗಿದು ಹೇಳುವ ಕಲೆ. 1970ರ ದಶಕದಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಕೇರಿಯ ಕರಿಯ ಜನರ ನಡುವೆ ಅದು ಬೆಳೆಯಿತು. ಆ ಕೇರಿಯ ಕೋಪವನ್ನು ಸೋಸಿ, ಕುಣಿಯಲು ಬರುವ ತಾಳವನ್ನೂ ನೆನಪಿನಲ್ಲಿ ನಿಲ್ಲುವ ಪಲ್ಲವಿಯನ್ನೂ ಸೇರಿಸಿ, ಮನೆಮಂದಿಯೆಲ್ಲ ಕುಳಿತು ಕೇಳುವಂತೆ ಮಾಡಿದರೆ ಅದು ಪಾಪ್ ರ‍್ಯಾಪ್. ಬಲ್ಲವರು ಮೂಗು ಮುರಿದರು, ಕೊಳ್ಳುವವರು ಕೊಂಡರು.

ಹ್ಯಾಮರನ ನಿಜನಾಮ ಸ್ಟ್ಯಾನ್ಲಿ ಕರ್ಕ್ ಬರೆಲ್. 1962ರಲ್ಲಿ ಕ್ಯಾಲಿಫೋರ್ನಿಯದ ಓಕ್ಲೆಂಡಿನಲ್ಲಿ ಬಡ ಮನೆಯಲ್ಲಿ ಹುಟ್ಟಿದವನು. ಊರಿನ ಬೇಸ್‌ಬಾಲ್ ತಂಡದಲ್ಲಿ ದಾಂಡು ಹೊತ್ತು ಕೊಡುವ ಹುಡುಗನಾಗಿ ಸೇರಿಕೊಂಡ. ಮುಂದೆ ಅದೇ ತಂಡದ ಆಟಗಾರರಿಬ್ಬರು ತಲಾ 20,000 ಡಾಲರು ಸಾಲ ಕೊಟ್ಟರು. ಆ ಹಣದಲ್ಲಿ ಮುದ್ರಿಸಿದ ತಟ್ಟೆಗಳನ್ನು ತನ್ನ ಮೋಟಾರಿನ ಡಿಕ್ಕಿಯಲ್ಲಿಟ್ಟುಕೊಂಡು ತಾನೇ ಮಾರುತ್ತಿದ್ದ. 1990ರ ಆದಿಯಲ್ಲಿ 'ಪ್ಲೀಸ್ ಹ್ಯಾಮರ್ ಡೋಂಟ್ ಹರ್ಟ್ ಎಮ್' ಎಂಬ ಆಲ್ಬಮ್ಮು ಹೊರಬಂದು, ಅಮೆರಿಕದ ಮಾರಾಟದ ಪಟ್ಟಿಯ ತುತ್ತತುದಿಯಲ್ಲಿ ಒಟ್ಟು 21 ವಾರ ಕುಳಿತಿತು. 1 ಕೋಟಿ ಪ್ರತಿಗಳ ಪ್ರಮಾಣಪತ್ರ ಅದಕ್ಕೆ ದೊರಕಿತು; ಯಾವ ರ‍್ಯಾಪ್ ಗಾಯಕನೂ ಅದುವರೆಗೆ ಕಾಣದ ಸಂಖ್ಯೆಯದು. ಅದರ ಬಹುಪ್ರಸಿದ್ಧ ಹಾಡಿನ ತಾಳವು ರಿಕ್ ಜೇಮ್ಸ್ ಎಂಬಾತನ 1981ರ ಹಾಡೊಂದರಿಂದ ಎತ್ತಿದ್ದು. ಜೇಮ್ಸ್ ದಾವೆ ಹೂಡಿದ. ಕೊನೆಗೆ ಅವನ ಹೆಸರನ್ನೂ ರಚನಕಾರರ ಸಾಲಿನಲ್ಲಿ ಸೇರಿಸಿ ಪಾಲು ಕೊಡಬೇಕಾಯಿತು. ಬರುವ ಹಣ ಅಪಾರವಾಗಿದ್ದ ಆ ದಿನಗಳಲ್ಲಿ ಪಾಲುಗಾರನೊಬ್ಬ ಹೆಚ್ಚಾದದ್ದು ಯಾರಿಗೂ ಹೊರೆಯೆನಿಸಲಿಲ್ಲ. ಹ್ಯಾಮರನ ರೂಪದ ಬೊಂಬೆಗಳು ಅಂಗಡಿಗೆ ಬಂದವು. ಅವನ ಹೆಸರಿನ ವ್ಯಂಗ್ಯಚಿತ್ರಮಾಲೆ ಮಕ್ಕಳಿಗಾಗಿ ಟೆಲಿವಿಷನ್ನಿನಲ್ಲಿ ಬಂತು. ಅವನು ತೊಡುತ್ತಿದ್ದ ಜೋಲು ಷರಾಯಿ ಲೋಕದ ಫ್ಯಾಷನ್ನಾಯಿತು.

ಇನ್ನು ಎರಡನೆಯ ಅಂಕ. ಹೆಸರಿನ ಹಿಂದಿದ್ದ 'ಎಂ. ಸಿ.'ಯನ್ನು ಕಳಚಿ, ಬರಿಯ ಹ್ಯಾಮರನಾಗಿ, 1991ರ ಅಕ್ಟೋಬರಿನಲ್ಲಿ ಅವನು 'ಟೂ ಲೆಜಿಟ್ ಟು ಕ್ವಿಟ್' ಎಂಬ ಮುಂದಿನ ಆಲ್ಬಮ್ಮನ್ನು ತಂದ. ಹೆಸರುಹಾಡಿನ ಚಿತ್ರೀಕರಣಕ್ಕೆ ಆ ಕಾಲದವರು ಬೆರಗಾಗುವಷ್ಟು ಹಣ ಸುರಿಯಲಾಯಿತು. ವೇದಿಕೆಯ ಮೇಲೆ ನರ್ತಕರ ದಂಡು, ವಾದ್ಯಗಾರರ ಪಡೆ, ಹಿಂದೆ ಮುಂದೆ ಪರಿವಾರ. ಆಲ್ಬಮ್ಮು ಪಟ್ಟಿಯಲ್ಲಿ ಎರಡನೆಯ ಸ್ಥಾನದವರೆಗೆ ಏರಿತು. ಅದರ ಎರಡು ಹಾಡುಗಳು ಮೊದಲ ಹತ್ತರೊಳಗೆ ಬಂದವು. 30 ಲಕ್ಷ ಪ್ರತಿಗಳ ಪ್ರಮಾಣಪತ್ರ ಸಿಕ್ಕಿತು. ಇದನ್ನು ಸೋಲೆನ್ನುವುದು ಹೇಗೆ? ಮೂವತ್ತು ಲಕ್ಷ ಪ್ರತಿಗಳೆಂದರೆ ಕನ್ನಡದ ಎಷ್ಟು ಲೇಖಕರು ತಮ್ಮ ಆಯುಷ್ಯವನ್ನು ಒತ್ತೆಯಿಟ್ಟಾರು! ಆದರೂ ಸಂಗೀತದ ಪೇಟೆ ಅದನ್ನು ಸೋಲೆಂದೇ ಬರೆದುಕೊಂಡಿತು. ಏಕೆಂದರೆ ಖರ್ಚನ್ನು ಕೋಟಿಯ ಅಳತೆಯಲ್ಲಿ ಮಾಡಲಾಗಿತ್ತು, ಬಂದದ್ದು ಮೂವತ್ತು ಲಕ್ಷದ ಅಳತೆಯಲ್ಲಿ. ಆಲ್ಬಮ್ಮಿನ ಗಳಿಕೆಯಿಂದ ದೇಶಸಂಚಾರದ ವೆಚ್ಚ ಹುಟ್ಟಲಿಲ್ಲವಾಗಿ ಸಂಚಾರವನ್ನು ನಡುವೆಯೇ ನಿಲ್ಲಿಸಬೇಕಾಯಿತು.

ಜನರ ರುಚಿ ಬದಲಾದದ್ದೂ ನಿಜವೇ. ಆ ಹೊತ್ತಿಗೆ ಕೇಳುಗರು ಸೋಸಿದ ಕೋಪವನ್ನು ಬಿಟ್ಟು ಸೋಸದ ಕೋಪವನ್ನೇ ಬಯಸತೊಡಗಿದ್ದರು. 1992ರ ಕೊನೆಯಲ್ಲಿ ಡಾ. ಡ್ರೆಯ 'ದಿ ಕ್ರಾನಿಕ್' ಬಂದ ಮೇಲಂತೂ ಹ್ಯಾಮರನ ಷರಾಯಿ ನಗೆಪಾಟಲಾಯಿತು. ಅವನೂ ಮುಖ ಗಂಟಿಕ್ಕಿಕೊಂಡು 1994ರಲ್ಲಿ ಒರಟು ಶೈಲಿಯ ಆಲ್ಬಮ್ಮೊಂದನ್ನು ಮಾಡಿ ನೋಡಿದ. ಕೆಟ್ಟವನೆಂದು ಯಾರೂ ನಂಬಲಿಲ್ಲ. ಅವನ ಮನೆವಾರ್ತೆಯೋ ದೊರೆಗಳ ಮನೆವಾರ್ತೆ: ಸುಮಾರು ಇನ್ನೂರು ಜನ ಪರಿಚಾರಕರು, ಅವರಲ್ಲಿ ಬಹುಮಂದಿ ಬಾಲ್ಯದ ಗೆಳೆಯರು, ನೆಂಟರಿಷ್ಟರು. ಅವರನ್ನು ಬಿಡಿಸಲು ಮನಸ್ಸು ಒಡಂಬಡಲಿಲ್ಲ. ಫ್ರೀಮಾಂಟಿನ ಗುಡ್ಡದ ಮೇಲೆ ಅರಮನೆಯಂಥ ಬಂಗಲೆ. 1996ರ ಏಪ್ರಿಲಿನಲ್ಲಿ ಅವನು ದಿವಾಳಿ ಅರ್ಜಿ ಹಾಕಿದಾಗ ಸಾಲ ಸುಮಾರು 1 ಕೋಟಿ 37 ಲಕ್ಷ ಡಾಲರು. ಇವನ ಓರಗೆಯ ಬಿಳಿಯ ಗಾಯಕ ವೆನಿಲಾ ಐಸನ ಕಥೆ ಇನ್ನೂ ಚಿಕ್ಕದು. 1990ರ ಆಲ್ಬಮ್ಮು 16 ವಾರ ಪಟ್ಟಿಯ ತುದಿಯಲ್ಲಿತ್ತು. ಸ್ಟುಡಿಯೋದಲ್ಲಿ ಮುದ್ರಿಸಿದ ಮುಂದಿನ ಆಲ್ಬಮ್ಮು ಬರುವಷ್ಟರಲ್ಲಿ 1994 ಆಗಿತ್ತು. ಅದು ಪಟ್ಟಿಯ ಕೆಳತುದಿಯನ್ನೂ ಮುಟ್ಟಲಿಲ್ಲ. ನಮ್ಮ ಬಾಬಾ ಸೆಹಗಲ್ 1992ರಲ್ಲಿ ಹಿಂದಿಯ ತಣ್ಣೀರಿನ ಹಾಡಿನಿಂದ ದೇಶವನ್ನು ಕುಣಿಸಿದ್ದು ಈ ಐಸನ ಹಾಡಿನ ಅಚ್ಚಿನಲ್ಲಿಯೇ.

ಇಂಥ ಆಡಂಬರವನ್ನು ಕಂಡು ತುಮಕೂರು ಸೀಮೆಯವರು ಬೆರಗಾಗಬೇಕಿಲ್ಲ. ಗುಬ್ಬಿ ವೀರಣ್ಣನವರು ಕುರುಕ್ಷೇತ್ರ ನಾಟಕಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದವರು. ಒಂದು ನಾಟಕ ಗೆದ್ದಿತೆಂದರೆ ಮುಂದಿನದರಲ್ಲಿ ಅದಕ್ಕಿಂತ ಮಿಗಿಲಾದುದನ್ನು ತೋರಿಸಬೇಕೆಂಬ ಹಂಬಲ ಕಂಪೆನಿಯ ಮಾಲೀಕರೆಲ್ಲರಿಗೂ ಇತ್ತು. ಆದರೆ ಕಂಪೆನಿಯು ಊರಿಂದೂರಿಗೆ ಹೋಗುತ್ತಿತ್ತು. ಒಂದೂರಿನ ನಷ್ಟವನ್ನು ಹಳೆಯ 'ಸದಾರಮೆ' ಇನ್ನೊಂದೂರಿನಲ್ಲಿ ತುಂಬಿಕೊಡಬಲ್ಲವಳಾಗಿದ್ದಳು. ಆಲ್ಬಮ್ಮಿನ ಗಾಯಕನಿಗೆ ಆ ಅನುಕೂಲವಿಲ್ಲ. ಅವನ ಹಳೆಯ ಹಾಡನ್ನು ಜನ ಆಗಲೇ ಕೊಂಡು ಮನೆಯಲ್ಲಿಟ್ಟುಕೊಂಡಿರುತ್ತಾರೆ.

ಕನ್ನಡದಲ್ಲಿ ಆಲ್ಬಮ್ಮೆಂದರೆ ಬಹುಕಾಲ ಚಲನಚಿತ್ರದ ಹಾಡುಗಳೇ. ಅದರ ಹೊರಗೆ ಧ್ವನಿಸುರುಳಿಗೊಂದು ಪೇಟೆಯಿದೆಯೆಂದು ತೋರಿಸಿಕೊಟ್ಟವರು ಭಾವಗೀತೆಯವರು. 1978ರಲ್ಲಿ ನಿಸಾರ್ ಅಹಮದರ ಗೀತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ 'ನಿತ್ಯೋತ್ಸವ' ಬಂತು, ಮುಂದೆ ಸಿ. ಅಶ್ವತ್ಥರ ಕಂಠದಲ್ಲಿ ಶರೀಫರೂ 'ಮೈಸೂರು ಮಲ್ಲಿಗೆ'ಯೂ ಮನೆಮನೆಯ ಟೇಪ್ ರೆಕಾರ್ಡರಿನೊಳಗೆ ಸೇರಿದವು. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತರು ತಮ್ಮ ಹೆಸರಿನದೇ ಆಲ್ಬಮ್ಮನ್ನು 2008ರಲ್ಲಿ ತಂದು, 'ಜಗ್ ಚಂಗಾ' ಎಂಬ ಎರಡನೆಯದನ್ನು 2013ರವರೆಗೆ ತಡೆದರು. ಐದು ವರ್ಷ! ಪೇಟೆಯವರ ಮಾತು ಕೇಳಿದ್ದರೆ ಹಾಗೆ ತಡೆಯುತ್ತಿರಲಿಲ್ಲ. ನಡುವೆ ಅವರು ದೇಶವಿದೇಶಗಳ ವೇದಿಕೆಗಳಲ್ಲಿ ಮೊದಲ ಹಾಡುಗಳನ್ನೇ ಹಾಡಿ ಹಾಡಿ ಕೇಳುಗರನ್ನು ಸಂಪಾದಿಸಿಕೊಂಡಿದ್ದರು. ಅದು ವಿವೇಕವೋ ಅನಿವಾರ್ಯವೋ ಬೇರೆ ಮಾತು.

ರ‍್ಯಾಪಿನಲ್ಲಿ ಕನ್ನಡಿಗರಿಗೆ ತಟ್ಟನೆ ನೆನಪಾಗುವವರು ಚಂದನ್ ಶೆಟ್ಟಿ. ಅರ್ಜುನ್ ಜನ್ಯರ ಬಳಿ ಕೆಲಸ ಕಲಿತವರು. ಪಾನಗೋಷ್ಠಿಯ ಹಾಡೊಂದರಿಂದ ಹೆಸರಾಗಿ, 2018ರ ಜನವರಿಯಲ್ಲಿ ಬಿಗ್ ಬಾಸ್ ಗೆದ್ದು ಮನೆಮಾತಾದರು. ಇವರ ಕಥೆಯಲ್ಲಿ ಆಲ್ಬಮ್ಮೆಂಬ ಕಟ್ಟೇ ಇಲ್ಲ. ಒಂದೊಂದು ಹಾಡೂ ಒಂಟಿಯಾಗಿ ಬಂದು ಒಂಟಿಯಾಗಿಯೇ ಗೆಲ್ಲಬೇಕು, ಇಲ್ಲವೆ ಸೋಲಬೇಕು. 2020ರ ಏಪ್ರಿಲಿನಲ್ಲಿ 'ಪೊಗರು' ಚಿತ್ರಕ್ಕಾಗಿ ಮಾಡಿದ 'ಖರಾಬು' ಹಾಡು ಲಾಕ್‌ಡೌನಿನ ಮನೆವಾಸದಲ್ಲಿದ್ದ ಜನರ ನಡುವೆ ಕೋಟಿಗಟ್ಟಲೆ ನೋಟ ಗಳಿಸಿತು. ಅದೇ ವರ್ಷದ ಆಗಸ್ಟಿನಲ್ಲಿ ಮಾದೇಶ್ವರನ ಜನಪದ ಪದವನ್ನು ಹೊಸ ತಾಳಕ್ಕೆ ಕೂಡಿಸಿದ 'ಕೋಲುಮಂಡೆ' ಬಂತು. ಸಂಕಮ್ಮನನ್ನು ಚಿತ್ರಿಸಿದ ಬಗೆ ಭಕ್ತರ ಮನಸ್ಸಿಗೆ ನೋವುಂಟುಮಾಡಿತು. ಹಾಡನ್ನು ಹಿಂದಕ್ಕೆ ಪಡೆಯಲಾಯಿತು, ಚಂದನ್ ಶೆಟ್ಟಿಯವರು ಕ್ಷಮೆ ಕೋರಿದರು. ಐದು ತಿಂಗಳೊಳಗೆ ಒಬ್ಬನೇ ಗಾಯಕನಿಗೆ ಎರಡು ಬಗೆಯ ಪ್ರಸಿದ್ಧಿ. ಮಾದೇಶ್ವರನ ಪದಕ್ಕೆ ತಲತಲಾಂತರದಿಂದ ಹಾಡಿಕೊಂಡು ಬಂದ ಕಂಸಾಳೆಯವರೂ ಕೇಳುವ ಒಕ್ಕಲೂ ಇರುವುದರಿಂದ, ಅಲ್ಲಿ ಹೊಸಬನು ಬಾಗಿಲು ತಟ್ಟಿ ಒಳಗೆ ಹೋಗಬೇಕಾಗುತ್ತದೆ. ಮಾರಾಟದ ಅಂಕಿಗಳ ಯಾವ ಪಟ್ಟಿಯಲ್ಲಿಯೂ ಈ ಅಂಕಣವಿಲ್ಲ.

ಬೆಂಗಳೂರಿನಲ್ಲಿ ನೆಲಸಿದ ಹನುಮಾನ್‌ಕೈಂಡ್ ಎಂಬ ಗಾಯಕನ 'ಬಿಗ್ ಡಾಗ್ಸ್' 2024ರಲ್ಲಿ ಅಮೆರಿಕದ ಹಾಡುಗಳ ಪಟ್ಟಿಯಲ್ಲಿ 23ನೆಯ ಸ್ಥಾನಕ್ಕೆ ಏರಿತಲ್ಲ, ಅವನಿಗೂ ಇದೇ ಪ್ರಶ್ನೆ ಎದುರಾಯಿತು. 2025ರ ಮಾರ್ಚಿನಲ್ಲಿ ಅವನು ಚೆಂಡೆಯ ಮೇಲೆ ಕಟ್ಟಿದ ಹಾಡೊಂದನ್ನು ತಂದ. ಕಳರಿಪಯಟ್ಟು, ಗತ್ಕಾಗಳಂಥ ದೇಶದ ಸಮರಕಲೆಗಳನ್ನು ಅದರ ಚಿತ್ರದಲ್ಲಿ ತೋರಿಸಿದ. ಅದೇ ಜುಲೈಯಲ್ಲಿ ಹಾಡುಗಳ ದೊಡ್ಡ ಗುಚ್ಛವೊಂದು ಬಂತು. ಮೊದಲನೆಯದರ ಅಚ್ಚಿನಲ್ಲಿಯೇ ಎರಡನೆಯದನ್ನು ಎರಕ ಹೊಯ್ಯದೆ ಹೋದದ್ದು ಮೆಚ್ಚತಕ್ಕ ಧೈರ್ಯ.

ಮೆಚ್ಚುವುದು ಸುಲಭ, ಹಣ ಹೂಡುವುದು ಕಷ್ಟ. ಕುಣಿಗಲ್ ತಾಲ್ಲೂಕಿನ ಕೊತ್ತಗೆರೆಯ ತರುಣನೊಬ್ಬನಿಗೆ ಈಗ ಬಂದೊದಗಿರುವುದು ಈ ಎರಡನೆಯ ಕಷ್ಟ. ಬಿ.ಕಾಂ. ಓದಿ, ಬೆಂಗಳೂರಿನ ಗೋದಾಮೊಂದರಲ್ಲಿ ಕೆಲಸಕ್ಕಿದ್ದು, ಶನಿವಾರದ ಸಂಜೆ ಕುಣಿಗಲ್ಲಿನ ರೈಲಿಗೆ ಊರಿಗೆ ಬರುವ ಹುಡುಗ. ತೆಂಗಿನ ತೋಟದ ನಡುವೆ ನಿಂತು, ಗೆಳೆಯನ ಮೊಬೈಲಿನಲ್ಲಿ ಚಿತ್ರಿಸಿ, ಒಂದು ರ‍್ಯಾಪ್ ಹಾಡು ಮಾಡಿದ. ಕರೆಂಟು ಬಂದಾಗ ಓಡಿಹೋಗಿ ಮೋಟಾರು ಹಾಕುವವನ ಹಾಡು. ಖರ್ಚು ಒಟ್ಟು ಒಂಬತ್ತು ಸಾವಿರ; ಅದರಲ್ಲಿ ಊಟದ ಬಾಬ್ತೇ ಎರಡು ಸಾವಿರ. ಹಾಡು ಊರಿನ ಎಲ್ಲೆ ದಾಟಿತು. ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಹಮಾಲರು ಅದನ್ನು ಕೇಳುತ್ತಾರೆಂಬ ಸುದ್ದಿ ತಂದೆಯ ಕಿವಿಗೆ ಬಿದ್ದ ದಿನ, ಅದುವರೆಗೆ ಮಗನ ಹಾಡನ್ನು 'ಬಡಬಡಿಕೆ' ಎನ್ನುತ್ತಿದ್ದ ತಂದೆ ಸುಮ್ಮನಾದರು.

ಆಮೇಲೆ ಬಂದದ್ದು ಬೆಂಗಳೂರಿನ ಒಂದು ಸಂಸ್ಥೆಯ ಒಪ್ಪಂದದ ಕಾಗದ. ಎರಡನೆಯ ಹಾಡಿನ ಚಿತ್ರೀಕರಣಕ್ಕೆ ಐದು ಲಕ್ಷ ಬೇಕು. ಅರ್ಧ ಅವರದು, ಅರ್ಧ ಇವನದು. ಹಾಡು ಅವರ ಚಾನೆಲ್ಲಿನಲ್ಲಿಯೇ ಬರುತ್ತದೆ. ಎಲ್ಲ ಹಕ್ಕುಗಳೂ ಅವರಿಗೆ. ಅರ್ಧವೆಂದರೆ ಎರಡೂವರೆ ಲಕ್ಷ. ಮನೆಯಲ್ಲಿ ಅಷ್ಟು ಬೆಲೆ ಬಾಳುವುದು ತಾಯಿಯ ಎರಡೆಳೆ ಸರವೊಂದೇ. ತಾಯಿ ಮರುಮಾತಿಲ್ಲದೆ ಅದನ್ನು ಕರವಸ್ತ್ರದಲ್ಲಿ ಕಟ್ಟಿ ತಂದಿಟ್ಟರು. ತಂದೆಗೆ ಏನು ಹೇಳಲೂ ತೋಚದೆ, ಸಹಕಾರ ಸಂಘದಲ್ಲಿ ಮೂವತ್ತು ವರ್ಷ ಲೆಕ್ಕ ಬರೆದು ನಿವೃತ್ತರಾದ, ಹುಡುಗನ ಸೋದರಮಾವನಿಗೆ ಹೇಳಿಕಳಿಸಿದರು.

ಮಾವ ಬಂದವರು ಕಾಗದ ಓದಿ, ಕನ್ನಡಕ ತೆಗೆದು ಒರೆಸಿದರು.

"ಮೊದಲಿನದಕ್ಕೆ ಒಂಬತ್ತು ಸಾವಿರ. ಇದಕ್ಕೆ ಐದು ಲಕ್ಷ. ಏನಪ್ಪಾ, ಹಾಡು ಅಷ್ಟು ಉದ್ದ ಇದೆಯೇನೋ?"

"ಮಾವ, ನಗಬೇಡಿ. ಈಗ ಸುಮ್ಮನೆ ಕೂತರೆ ಜನ ಮರೆತುಬಿಡ್ತಾರೆ. ಎರಡನೆಯದು ದೊಡ್ಡದಾಗಿ ಬರಬೇಕು."

"ದೊಡ್ಡದಾಗಿ ಅಂದರೆ?"

"ಡ್ಯಾನ್ಸರ್ಸು, ಕಾರು, ಡ್ರೋನು..."

"ಮೋಟಾರು ಹಾಕೋಕೆ ಓಡೋನು ಕಾರಲ್ಲಿ ಹೋದ್ನಾ?"

ಹುಡುಗ ಉತ್ತರ ಕೊಡಲಿಲ್ಲ. ಮಾವನ ವಿಚಾರಣೆ ಮುಂದುವರಿಯಿತು. ಮೊದಲ ಹಾಡಿನಿಂದ ಕೈಗೆ ಬಂದದ್ದೆಷ್ಟು? ಯೂಟ್ಯೂಬಿನಲ್ಲಿ ಜಾಹೀರಾತಿನ ಪಾಲು ಸಿಗಬೇಕಾದರೆ 1,000 ಚಂದಾದಾರರೂ ಹನ್ನೆರಡು ತಿಂಗಳಲ್ಲಿ 4,000 ಗಂಟೆಗಳ ನೋಟವೂ ಇರಬೇಕು. ಚಿಕ್ಕ ತುಣುಕುಗಳಾದರೆ 90 ದಿನಗಳಲ್ಲಿ 1 ಕೋಟಿ ನೋಟ. ಹುಡುಗನ ಚಂದಾದಾರರು ಸಾವಿರ ದಾಟಿದ್ದರು, ಗಂಟೆಗಳು ದಾಟಿರಲಿಲ್ಲ. ಹಾಡು ಎಷ್ಟೋ ಜನರ ಬಾಯಲ್ಲಿತ್ತು. ಖಾತೆಯಲ್ಲಿ ಏನೂ ಇರಲಿಲ್ಲ. ನೋಟಕ್ಕೂ ಮಾರಾಟಕ್ಕೂ ಇರುವ ಅಂತರ ಎಷ್ಟೆಂಬುದಕ್ಕೆ ಅಮೆರಿಕದ ಧ್ವನಿಮುದ್ರಣ ಸಂಘ 2016ರಲ್ಲಿ ಮಾಡಿಕೊಂಡ ಲೆಕ್ಕವೊಂದಿದೆ: ಹಾಡುಗಳನ್ನು 1,500 ಸಲ ಕೇಳಿದರೆ ಒಂದು ಆಲ್ಬಮ್ಮು ಮಾರಿದಂತೆ. ಹ್ಯಾಮರನ ಕಾಲದ ಪ್ರಮಾಣಪತ್ರವಾದರೋ ಅಂಗಡಿಗೆ ಕಳಿಸಿದ ಪ್ರತಿಗಳನ್ನು ಎಣಿಸುತ್ತಿತ್ತು. ಮನೆಗೆ ಹೋದ ಪ್ರತಿಗಳನ್ನಲ್ಲ.

ಈ ಹ್ಯಾಮರನ ಕಥೆಯನ್ನು ಮಾವನಿಗೆ ಹೇಳಿದವನು ಹುಡುಗನೇ. ತನ್ನ ಪಕ್ಷಕ್ಕೆ ಬಲವಾದೀತೆಂದು ಎಣಿಸಿ, ಸಾಲ ಮಾಡಿ ಆರಂಭಿಸಿದವನು ಕೋಟಿ ಮಾರಿದನೆಂದು ಹೇಳಿದ. ಮಾವ ಕಥೆಯನ್ನು ಅಲ್ಲಿಗೆ ಬಿಡದೆ ಕೊನೆಯವರೆಗೂ ಹೇಳಿಸಿದರು. ಬಳಿಕ ಒಂದು ಹಾಳೆಯ ನಡುವೆ ಗೆರೆ ಎಳೆದು ಎಡಕ್ಕೆ 'ಬಂದದ್ದು' ಎಂದೂ ಬಲಕ್ಕೆ 'ಬರಬಹುದಾದದ್ದು' ಎಂದೂ ಬರೆದರು. "ನಿನ್ನ ಸುತ್ತಿಗೆಯಪ್ಪ ಬಲಗಡೆಯದನ್ನು ಎಡಗಡೆಗೆ ಬರೆದುಕೊಂಡು ಆಳು ಇಟ್ಟಿದ್ದಾನೆ. ನಮ್ಮ ಸಂಘದಲ್ಲೂ ಒಬ್ಬ ಕಾರ್ಯದರ್ಶಿ ಹೀಗೇ ಮಾಡಿದ್ದ. ಅವನಿಗೆ ಹಾಡೋಕೂ ಬರ್ತಿರಲಿಲ್ಲ."

ಅಲ್ಲಿಂದ ಮುಂದಿನ ಎರಡು ವಾರ ಈ ಮಾವ ಅಳಿಯಂದಿರು ಓದಿದ್ದು ಕೃತಿಸ್ವಾಮ್ಯದ ಕಾನೂನನ್ನು. ಓದತಕ್ಕದ್ದೇ. 1957ರ ಈ ಅಧಿನಿಯಮಕ್ಕೆ 2012ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಹಾಡು ಬರೆದವನೂ ರಾಗ ಹಾಕಿದವನೂ ಹಕ್ಕುಗಳನ್ನು ಬರೆದುಕೊಟ್ಟ ಮೇಲೂ ರಾಯಧನದ ಸಮಪಾಲನ್ನು ಪಡೆಯುವ ಅಧಿಕಾರವನ್ನು ಕಳೆದುಕೊಳ್ಳುವುದಿಲ್ಲ. ಅದನ್ನು ಬಿಟ್ಟುಕೊಟ್ಟೆನೆಂದು ರುಜು ಹಾಕಿದರೂ ಆ ರುಜು ನಿಲ್ಲದು. ಹಕ್ಕನ್ನು ಎಷ್ಟು ಕಾಲಕ್ಕೆ ಕೊಟ್ಟದ್ದೆಂದು ಕಾಗದದಲ್ಲಿ ಇಲ್ಲದಿದ್ದರೆ ಐದು ವರ್ಷವೆಂದೂ, ಯಾವ ಪ್ರದೇಶಕ್ಕೆಂದು ಇಲ್ಲದಿದ್ದರೆ ಭಾರತಕ್ಕೆ ಮಾತ್ರವೆಂದೂ ತಿಳಿಯಬೇಕು. ಇದೆಲ್ಲ ಕಾನೂನಿನ ಹದಿನೆಂಟನೆಯ ಮತ್ತು ಹತ್ತೊಂಬತ್ತನೆಯ ಕಲಮುಗಳಲ್ಲಿ ಸ್ಪಷ್ಟವಾಗಿದೆ. ರಾಯಧನವನ್ನು ವಸೂಲು ಮಾಡಿ ಹಂಚಲು 1969ರಲ್ಲಿ ಹುಟ್ಟಿದ ಐ.ಪಿ.ಆರ್.ಎಸ್. ಎಂಬ ಸಂಘವಿದೆ, ಬರೆಯುವವರೂ ರಾಗ ಹಾಕುವವರೂ ಅದರ ಸದಸ್ಯರಾಗಬಹುದು. ಕಾಗದದಲ್ಲಿ ಕಾಲವನ್ನು ಬರೆದಿತ್ತು: 'ಶಾಶ್ವತವಾಗಿ'. ಪ್ರದೇಶವನ್ನೂ ಬರೆದಿತ್ತು: 'ವಿಶ್ವದಾದ್ಯಂತ'. ಕೊತ್ತಗೆರೆಯ ಹುಡುಗನ ಹಾಡು ವಿಶ್ವದಾದ್ಯಂತ ಶಾಶ್ವತವಾಗಿ ಬಾಳುತ್ತದೆಂಬ ಭರವಸೆ ಅವನ ತಾಯಿಯನ್ನು ಬಿಟ್ಟರೆ ಇದ್ದದ್ದು ಆ ಸಂಸ್ಥೆಗೇ ಎಂದು ಕಾಣುತ್ತದೆ.

ಇನ್ನೊಂದು ತೊಡಕು ಹುಡುಗನಿಗೇ ಹೊಳೆಯಿತು. ಮೊದಲ ಹಾಡಿನ ತಾಳವನ್ನು ಅವನು ಇಂಟರ್ನೆಟ್ಟಿನಲ್ಲಿ ಎಂಟುನೂರು ರೂಪಾಯಿಗೆ ಕೊಂಡಿದ್ದ. ಅದೇ ತಾಳವನ್ನು ಮಾರುವವನು ಇನ್ನೆಷ್ಟು ಮಂದಿಗೆ ಬೇಕಾದರೂ ಮಾರಬಹುದೆಂಬುದು ಕರಾರಿನ ಸಣ್ಣಕ್ಷರಗಳಲ್ಲಿ ಇತ್ತು. ರಿಕ್ ಜೇಮ್ಸನ ದಾವೆಯ ಕಥೆ ಮತ್ತೆ ಚರ್ಚೆಗೆ ಬಂದು, ಈ ಸಲ ತಾಳವನ್ನು ಕೊಳ್ಳುವುದೇ ಬೇಡವೆಂದಾಯಿತು. ಪಕ್ಕದ ಊರಿನ ತಮಟೆಯವರೊಬ್ಬರು ಒಪ್ಪಿದ್ದಾರೆ; ಅವರಿಗೆ ಕೂಲಿಯಲ್ಲ, ಪಾಲು. ಕುಣಿಗಲ್ ಕೆರೆಯ ಹಾಡಿನ ರಾಗದ ನೆರಳನ್ನು ನಡುವೆ ತರಬೇಕೆಂಬ ಆಸೆಯೂ ಹುಡುಗನಿಗಿದೆ. ಆ ಹಾಡು ಜನಪದರ ಸ್ವತ್ತು. ಅದನ್ನು ಕಟ್ಟಿದವರನ್ನು 'ಮುಂದಿನದು ಯಾವಾಗ' ಎಂದು ಯಾರೂ ಕೇಳಲಿಲ್ಲ.

ಒಪ್ಪಂದದ ಕಾಗದ ಮೂರು ಕಡೆ ಕೆಂಪು ಗುರುತು ಹೊತ್ತು ಬೆಂಗಳೂರಿಗೆ ಹಿಂದಿರುಗಿದೆ: ಕಾಲ ಐದು ವರ್ಷ, ರಾಯಧನ ಸಮಪಾಲು, ಹುಡುಗನ ಕಡೆಯ ಹಣ ನಲವತ್ತು ಸಾವಿರಕ್ಕೆ ಮೀರಕೂಡದು. ನಲವತ್ತು ಸಾವಿರವೆಂದರೆ ಅವನ ಎರಡು ತಿಂಗಳ ಸಂಬಳ. ಸಂಸ್ಥೆಯಿಂದ ಉತ್ತರ ಬಂದಿಲ್ಲ. ಬಾರದೆಯೂ ಹೋಗಬಹುದೆಂದು ಹುಡುಗನಿಗೆ ಗೊತ್ತಿದೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಅವನು ಆ ಸಂಸ್ಥೆಯ ಬೇರೆ ಗಾಯಕರ ಹಾಡುಗಳ ನೋಟಗಳನ್ನು ಎಣಿಸುತ್ತ ಕೂರುತ್ತಾನೆ. ತಾನು ಕೈಬಿಟ್ಟದ್ದು ಇದೇ ಆಗಿದ್ದರೆ ಎಂಬ ಯೋಚನೆ ಅವನನ್ನು ಬಿಟ್ಟಿಲ್ಲ.

ಕರವಸ್ತ್ರದ ಗಂಟು ಇನ್ನೂ ದೇವರ ಗೂಡಿನಲ್ಲಿಯೇ ಇದೆ. ಬೀರುವಿನಲ್ಲಿಡಲು ತಾಯಿ ಒಪ್ಪಲೊಲ್ಲರು. ಉತ್ತರ ಬಂದರೆ ಹುಡುಕುವುದಾಗಬಾರದಂತೆ. ಕಳೆದ ಶನಿವಾರ ರಾತ್ರಿ ತೋಟದ ಪಂಪ್‌ಹೌಸಿನಲ್ಲಿ ತಮಟೆಯವರನ್ನು ಕೂರಿಸಿಕೊಂಡು ಹಾಡಿನ ಪಲ್ಲವಿಯನ್ನು ಮುದ್ರಿಸಿಕೊಳ್ಳುತ್ತಿದ್ದಾಗ ತ್ರೀಫೇಸ್ ಕರೆಂಟು ಬಂದು ಮೋಟಾರು ತಾನೇ ಹೊರಟಿತು. ಮುದ್ರಣವೆಲ್ಲ ಕೆಟ್ಟಿತೆಂದು ಹುಡುಗ ಗೊಣಗಿದ. ಮಾವ ಮಾತ್ರ ಅದನ್ನು ಇನ್ನೊಮ್ಮೆ ಕೇಳಿಸು ಎಂದರು.